ಹೊಸ ಬಲ್ಬು ಸಿಕ್ಕಿತು, ಹಳೆಯದು ಎಲ್ಲಿಗೆ ಹೋಯಿತು?

ರಾಯಚೂರಿನ ತೀನ್ ಕಂದೀಲ್ ಹತ್ತಿರ ನಾವು ಯಾವಾಗಲೂ ಹೋಗುವ ಒಂದು ಎಲೆಕ್ಟ್ರಿಕಲ್ ಅಂಗಡಿ ಇದೆ. ಎಲ್‌ಇಡಿ ಬಲ್ಬು ಕೊಂಡರೆ ಅಂಗಡಿಯವರು ಮಾರ್ಕರ್ ತೆಗೆದು ಅದರ ಕುತ್ತಿಗೆಯ ಮೇಲೆ ತಿಂಗಳು, ವರ್ಷ ಬರೆದು ಕೊಡುತ್ತಾರೆ. ಬಿಲ್ಲು ಕಳೆದುಹೋಗಬಹುದು, ಈ ಬರಹ ಹೋಗುವುದಿಲ್ಲ. ವಾರಂಟಿ ಒಳಗೆ ಬಲ್ಬು ಹೋದರೆ ತಂದು ಕೊಟ್ಟರಾಯಿತು, ಹೊಸದು ಕೈಗೆ ಬರುತ್ತದೆ. ಜಗಳವಿಲ್ಲ, ವಾದವಿಲ್ಲ.

ಹೋದ ಬೇಸಿಗೆಯಲ್ಲಿ ಹೀಗೇ ಬಲ್ಬು ಬದಲಿಸಲು ಹೋಗಿದ್ದೆ. ಕೌಂಟರ್ ಪಕ್ಕದಲ್ಲಿ ಒಂದು ದೊಡ್ಡ ರಟ್ಟಿನ ಡಬ್ಬಿ ಇತ್ತು. ತುಂಬಾ ಸತ್ತ ಬಲ್ಬುಗಳು, ಒಂದೊಂದರ ಮೇಲೂ ಒಂದೊಂದು ತಾರೀಖು. ಹಿಂದಿನ ಗೋಡೆಗೆ ಅಂಥವೇ ಇನ್ನೂ ನಾಲ್ಕು ಡಬ್ಬಿ. "ಬ್ಯಾಸಗಿ ಬಂತಂದ್ರ ಇವು ಭಾಳ ಬರ್ತಾವ್ರೀ ಅಕ್ಕಾರ" ಎಂದರು ಅಂಗಡಿಯವರು. ಆಮೇಲೆ ಇವು ಎಲ್ಲಿಗೆ ಹೋಗುತ್ತವೆ ಅಂತ ಕೇಳಿದೆ. ಡಿಸ್ಟ್ರಿಬ್ಯೂಟರ್ ಕಡೆಯವರು ಎಣಿಸಿಕೊಂಡು ಒಯ್ಯುತ್ತಾರೆ, ಅಷ್ಟು ಹೊಸ ಬಲ್ಬು ಕೊಡುತ್ತಾರೆ, ಅದರ ಮುಂದಿನದು ತಮಗೂ ಗೊತ್ತಿಲ್ಲ ಎಂದರು.

ನನ್ನ ಕೈಯಲ್ಲಿದ್ದ ಬಲ್ಬನ್ನು ಅವತ್ತು ನಾನು ಕೊಡಲಿಲ್ಲ. ಬಸ್ ಸ್ಟ್ಯಾಂಡ್ ಕಡೆ ಒಬ್ಬ ಹುಡುಗ ಸಣ್ಣ ಟೇಬಲ್ ಹಾಕಿಕೊಂಡು ಬಲ್ಬು, ಚಾರ್ಜರ್ ರಿಪೇರಿ ಮಾಡುತ್ತಾನೆ. ಅವನ ಹತ್ತಿರ ಒಯ್ದೆ. ಸ್ಕ್ರೂಡ್ರೈವರ್ ತುದಿ ಇಟ್ಟು ಸುತ್ತಲೂ ಮೀಟಿದ. ಬಿಳಿ ಪ್ಲಾಸ್ಟಿಕ್ ಬುರುಡೆ ಟಕ್ ಅಂತ ಬಿಟ್ಟುಕೊಂಡಿತು. ಒಳಗೆ ಒಂದು ಅಲ್ಯೂಮಿನಿಯಂ ಬಿಲ್ಲೆ. ಅದರ ಮೇಲೆ ಸಾಬೂದಾನಿ ಕಾಳಿನಷ್ಟು ಒಂಬತ್ತು ಹಳದಿ ಚಿಪ್ಪು, ಬೆಳಕು ಕೊಡುವ ಎಲ್‌ಇಡಿಗಳು ಇವೇ. ಎಂಟು ನೀಟಾಗಿದ್ದವು. ಒಂಬತ್ತನೆಯದರ ನಡುವೆ ಸಾಸಿವೆಗಿಂತ ಚಿಕ್ಕ ಕರಿ ಚುಕ್ಕಿ.

"ಇದೊಂದ ಹೋಗ್ಯಾದ ನೋಡ್ರೀ ಅಕ್ಕಾರ. ಉಳಿದಾವೆಲ್ಲ ಚಂದ ಅದಾವ."

ಗಣೇಶನ ಹಬ್ಬಕ್ಕೆ ಹಾಕುವ ಹಳೆಯ ಸೀರಿಯಲ್ ಸೆಟ್ ನೆನಪಿದೆ ಅಲ್ವಾ? ಒಂದು ದೀಪ ಹೋದರೆ ಇಡೀ ಸರವೇ ಆರಿಹೋಗುತ್ತಿತ್ತು. ಇಲ್ಲೂ ಅದೇ. ಚಿಪ್ಪುಗಳನ್ನು ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಕರೆಂಟು ಎಲ್ಲವನ್ನೂ ದಾಟಿಯೇ ಹೋಗಬೇಕು. ಒಂದು ಕಡೆ ದಾರಿ ಕಡಿದರೆ ಉಳಿದ ಎಂಟೂ ಕತ್ತಲೆ. ಹುಡುಗ ತಲೆಕೆಳಗಾಗಿ ಕೂರಿಸಿದ್ದ ಇಸ್ತ್ರಿ ಪೆಟ್ಟಿಗೆಯ ಮೇಲೆ ಬಿಲ್ಲೆ ಇಟ್ಟು ಬಿಸಿ ಮಾಡಿದ. ಬೆಸುಗೆ ಕರಗಿತು. ಸತ್ತ ಚಿಪ್ಪನ್ನು ಚಿಮಟದಿಂದ ಎತ್ತಿ, ಇನ್ನೊಂದು ಹಳೆಯ ಬಲ್ಬಿನ ಚಿಪ್ಪು ಕೂರಿಸಿದ. ಐದು ನಿಮಿಷ, ಇಪ್ಪತ್ತು ರೂಪಾಯಿ. ಬಲ್ಬು ಹತ್ತಿತು. (ಗೊತ್ತಿಲ್ಲದವರು ಇದನ್ನು ಮನೆಯಲ್ಲಿ ಮಾಡಬೇಡಿ. ಒಳಗೆ 230 ವೋಲ್ಟ್ ಇರುತ್ತದೆ, ಸ್ವಿಚ್ ತೆಗೆದ ಮೇಲೂ ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಕೆಪಾಸಿಟರ್ ಎಂಬ ಭಾಗ ಶಾಕ್ ಹೊಡೆಯಬಹುದು.)

ಬೇಸಿಗೆಯಲ್ಲಿ ಬಲ್ಬುಗಳು ಯಾಕೆ ಜಾಸ್ತಿ ಹೋಗುತ್ತವೆ? ಎಲ್‌ಇಡಿ ತಣ್ಣಗಿನ ದೀಪ ಅಂತ ನಾವು ಅಂದುಕೊಂಡಿದ್ದೇವೆ. ಹಳೆಯ ಗಾಜಿನ ಬಲ್ಬಿಗೆ ಹೋಲಿಸಿದರೆ ಅದು ನಿಜ. ಆದರೂ ಅದು ತಿನ್ನುವ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಶಾಖವಾಗಿಯೇ ಹೋಗುತ್ತದೆ. ಆ ಶಾಖ ಹೊರಗೆ ಹೋಗಲು ಹೊರಗಿನ ಗಾಳಿ ತಣ್ಣಗಿರಬೇಕು. ಮೇ ತಿಂಗಳಲ್ಲಿ ತಗಡಿನ ಚಾವಣಿ ಕೆಳಗೆ ಎಲ್ಲಿಯ ತಣ್ಣನೆ ಗಾಳಿ?

ಚಿಪ್ಪಿಗಿಂತ ಮೊದಲು ಸೋಲುವ ಇನ್ನೊಂದು ಭಾಗ ಅನೇಕ ಬಲ್ಬುಗಳಲ್ಲಿ ಇರುತ್ತದೆ. ಅದೇ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಹೆಸರು ದೊಡ್ಡದು, ಆಕಾರ ಪೆನ್ಸಿಲ್ ತುಂಡಿನಷ್ಟು. ಒಳಗೆ ಸುತ್ತಿದ ಅಲ್ಯೂಮಿನಿಯಂ ಹಾಳೆ, ನಡುವೆ ದ್ರವದಲ್ಲಿ ನೆನೆದ ಕಾಗದ. ಶಾಖಕ್ಕೆ ಆ ದ್ರವ ನಿಧಾನವಾಗಿ ಆರುತ್ತದೆ. ಎಂಜಿನಿಯರುಗಳು ಇದಕ್ಕೆ ಒಂದು ಅಂದಾಜು ಲೆಕ್ಕ ಇಟ್ಟುಕೊಂಡಿದ್ದಾರೆ: ಪ್ರತಿ 10 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದಂತೆ ಕೆಪಾಸಿಟರಿನ ಆಯುಷ್ಯ ಅರ್ಧವಾಗುತ್ತದೆ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವುದು 85 ಡಿಗ್ರಿಯಲ್ಲಿ 8,000 ಗಂಟೆ, 65 ಡಿಗ್ರಿಯಲ್ಲಿ 32,000 ಗಂಟೆ ಬಾಳುತ್ತದೆ. ಹೊರಗೆ 25 ಡಿಗ್ರಿ ಇರುವ ಊರಿನ ಬಲ್ಬನ್ನೇ 42 ಡಿಗ್ರಿಯ ರಾಯಚೂರಿಗೆ ತಂದು ಹಾಕಿ ನೋಡಿ. ಆ ಬಿಸಿಯಲ್ಲಿ ಅದರ ಆಯುಷ್ಯ ಹೆಚ್ಚು ಕಡಿಮೆ ಮೂರನೇ ಒಂದಕ್ಕೆ ಇಳಿಯುತ್ತದೆ. ಡಬ್ಬಿಯ ಮೇಲೆ ಬರೆದ ಗಂಟೆಗಳ ಲೆಕ್ಕ ನಮ್ಮ ಬಿಸಿಲಿನದಲ್ಲ.

ಇನ್ನು ವೋಲ್ಟೇಜು. ಪಂಪ್‌ಸೆಟ್‌ಗಳೆಲ್ಲ ನಡೆಯುವಾಗ ಲೈನಿನ ಕೊನೆಯ ಮನೆಯಲ್ಲಿ ಬಲ್ಬು ಮಿಣುಕುತ್ತದೆ. ಅವು ಬಂದ್ ಆದಾಗ ವೋಲ್ಟೇಜು ಏರುತ್ತದೆ. ನ್ಯೂಟ್ರಲ್ ತಂತಿ ಕಡಿದರಂತೂ ಕೆಲವು ಮನೆಗಳಿಗೆ 230ರ ಜಾಗದಲ್ಲಿ 400ರ ಹತ್ತಿರ ವೋಲ್ಟ್ ನುಗ್ಗಬಹುದು. ಒಂದೇ ರಾತ್ರಿ ಓಣಿಯ ಟಿವಿ, ಫ್ರಿಜ್ಜು, ಬಲ್ಬು ಎಲ್ಲಾ ಸುಟ್ಟ ಕತೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ?

ಹಾಗಾದರೆ ವಾರಂಟಿ ಅವಧಿಯನ್ನು ಹೇಗೆ ನಿಗದಿ ಮಾಡುತ್ತಾರೆ? ಒಂದೇ ಮಾದರಿಯ ಸಾವಿರಾರು ವಸ್ತುಗಳು ಯಾವಾಗ ಯಾವಾಗ ಕೆಟ್ಟವು ಅಂತ ಗೆರೆ ಎಳೆದರೆ ಅದು ಸ್ನಾನದ ತೊಟ್ಟಿಯ ಆಕಾರದಲ್ಲಿ ಬರುತ್ತದೆ. ಶುರುವಿನಲ್ಲಿ ಎತ್ತರ. ತಯಾರಿಕೆಯಲ್ಲೇ ತಪ್ಪಿದ್ದವು ಬೇಗ ಹೋಗುತ್ತವೆ. ನಡುವೆ ಬಹಳ ದಿನ ಸಮತಟ್ಟು. ಕೊನೆಗೆ ಸವೆತದಿಂದ ಮತ್ತೆ ಏರಿಕೆ. ಕಂಪನಿಗೆ ಲಾಭವಾಗುವ ವಾರಂಟಿ ಈ ಕೊನೆಯ ಏರಿಕೆಗೆ ಮುಂಚೆಯೇ ಮುಗಿಯುತ್ತದೆ. ಇದರಲ್ಲಿ ಮೋಸ ಇಲ್ಲ, ಇದು ಲೆಕ್ಕ. ಆದರೆ ಬಿಸಿಲು, ವೋಲ್ಟೇಜು ಎರಡೂ ಸೇರಿದ ಊರಲ್ಲಿ ಆ ತೊಟ್ಟಿಯೇ ಗಿಡ್ಡವಾಗುತ್ತದೆ. ಸವೆತದ ಏರಿಕೆ ವಾರಂಟಿಯ ಒಳಗೇ ಬಂದುಬಿಡುತ್ತದೆ. ಅಂಗಡಿಯ ಆ ಐದು ಡಬ್ಬಿ ತುಂಬಿದ್ದು ಹೀಗೆ ಅಂತ ನನಗನಿಸುತ್ತದೆ.

ಬಲ್ಬಿಗಿಂತ ನನ್ನನ್ನು ಜಾಸ್ತಿ ಕಾಡಿದ್ದು ನಮ್ಮ ಮನೆಯ ವೈಫೈ ರೂಟರ್. ಕೊಂಡು ಒಂಬತ್ತು ತಿಂಗಳಿಗೆ ಆಫ್ ಆಗಿ ಆನ್ ಆಗುವುದು ಶುರುವಾಯಿತು. ಪಕ್ಕದ ಮನೆಯವರ ಅಡಾಪ್ಟರ್ ಹಾಕಿ ನೋಡಿದೆ, ಸರಿಯಾಗಿ ನಡೆಯಿತು. ಅಂದರೆ ರೂಟರಿಗೆ ಏನೂ ಆಗಿಲ್ಲ, ಅಡಾಪ್ಟರ್ ಕೆಟ್ಟಿದೆ. ಕಂಪನಿಯವರಿಗೆ ಫೋನ್ ಮಾಡಿ ಅಡಾಪ್ಟರ್ ಒಂದನ್ನೇ ಕೊಡಿ ಅಂತ ಕೇಳಿಕೊಂಡೆ. ಹಾಗೆ ಕೊಡಲು ಬರುವುದಿಲ್ಲ, ಪೂರ್ತಿ ಸೆಟ್ ಕಳಿಸಿ ಎಂದರು. ಕಳಿಸಿದೆ. ಹತ್ತು ದಿನಕ್ಕೆ ಹೊಸ ಪೆಟ್ಟಿಗೆ ಬಂತು. ಹೊಸ ರೂಟರ್, ಹೊಸ ಕೇಬಲ್, ಹೊಸ ಥರ್ಮೋಕೋಲ್. ವಾರಂಟಿ ಮಾತ್ರ ಹಳೆಯದೇ, ಉಳಿದಿದ್ದ ಮೂರು ತಿಂಗಳು. ಚೆನ್ನಾಗಿದ್ದ ನಮ್ಮ ರೂಟರನ್ನು ಯಾರಾದರೂ ಪರೀಕ್ಷೆ ಮಾಡಿ ಮತ್ತೆ ಬಳಸಿದರೋ ಅಥವಾ ಗುಜರಿಗೆ ಹಾಕಿದರೋ, ಕೇಳಿದರೂ ಉತ್ತರ ಬರಲಿಲ್ಲ.

ಕಂಪನಿಯ ಕಡೆಯಿಂದ ನೋಡಿದರೆ ಇದಕ್ಕೆ ಕಾರಣ ಇದೆ. ರಿಪೇರಿಗೆ ಕಲಿತ ಕೈ ಬೇಕು, ಬಿಡಿಭಾಗ ಇಡಬೇಕು, ಒಂದೊಂದನ್ನೂ ಬಿಚ್ಚಿ ನೋಡಬೇಕು. ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಾಗುವ ಹೊಸದು ಅದಕ್ಕಿಂತ ಅಗ್ಗ. ಆದರೆ ಆ ಅಗ್ಗದ ಲೆಕ್ಕದಲ್ಲಿ ಗಣಿ ಇಲ್ಲ, ಕಸ ಇಲ್ಲ.

ಗಣಿ ಅಂದಾಗ ನಮ್ಮ ಜಿಲ್ಲೆಯವರಿಗೆ ಹಟ್ಟಿ ನೆನಪಾಗುತ್ತದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ನೆಲದಾಳದಿಂದ ಒಂದು ಟನ್ ಅದಿರು ತೆಗೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಒಂದು ಟನ್ ಹಳೆಯ ಮೊಬೈಲ್ ಬೋರ್ಡುಗಳಲ್ಲಿ ನೂರಾರು ಗ್ರಾಂ ಇರುತ್ತದೆ. ಅಷ್ಟು ಕಷ್ಟಪಟ್ಟು ತೆಗೆದ ಲೋಹ ಇದು. ಸಣ್ಣ ಗುಜರಿಗಳಲ್ಲಿ ಅದನ್ನು ಆಸಿಡ್ಡಿನಲ್ಲಿ ಅದ್ದಿ ತೆಗೆಯುತ್ತಾರೆ, ತಾಮ್ರಕ್ಕಾಗಿ ವೈರು ಸುಡುತ್ತಾರೆ. ಪಿವಿಸಿ ಹೊದಿಕೆ ಸುಟ್ಟಾಗ ಡಯಾಕ್ಸಿನ್‌ನಂಥ ವಿಷ ಹೊರಬರುತ್ತದೆ. ಆ ಹೊಗೆ ಮೊದಲು ಹೋಗುವುದು ಸುಡುವವರ ಎದೆಗೆ.

ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಕಳಿಸಿದ್ದು ಶೇ. 22.3 ಮಾತ್ರ. ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮ ಜಾರಿಯಲ್ಲಿದೆ. ಇಂತಿಷ್ಟು ತೂಕದ ಮರುಬಳಕೆ ಆಗಲೇಬೇಕು ಅಂತ ಅದು ತಯಾರಕರಿಗೆ ಗುರಿ ಹಾಕಿದೆ. ಮೊದಲ ಎರಡು ವರ್ಷ ಶೇ. 60, ಆಮೇಲೆ 70, 2027-28ರಿಂದ 80. ಒಳ್ಳೆಯದೇ. ಆದರೆ ಮರುಬಳಕೆ ಅಂದರೆ ಪುಡಿ ಮಾಡಿ ಲೋಹ ತೆಗೆಯುವುದು. ನನ್ನ ಬಲ್ಬಿನ ಎಂಟು ಒಳ್ಳೆಯ ಚಿಪ್ಪುಗಳೂ ಆ ಪುಡಿಯಲ್ಲಿ ಸೇರಿಬಿಡುತ್ತವೆ. ಚಿಪ್ಪು ಮಾಡಲು ಖರ್ಚಾದ ಕರೆಂಟು, ನೀರು, ಕೆಲಸ ಯಾವುದೂ ವಾಪಸ್ ಬರುವುದಿಲ್ಲ.

ಎಲ್‌ಇಡಿ ಬೇಡ ಅಂತ ನಾನು ಹೇಳುತ್ತಿಲ್ಲ. 2015ರಲ್ಲಿ ಶುರುವಾದ ಉಜಾಲಾ ಯೋಜನೆಯಲ್ಲಿ ದೇಶದ ತುಂಬ 36 ಕೋಟಿಗೂ ಹೆಚ್ಚು ಬಲ್ಬು ಹಂಚಿದರು. 60 ವ್ಯಾಟ್ ಬಲ್ಬಿನ ಕೆಲಸವನ್ನು 9 ವ್ಯಾಟ್ ಮಾಡುತ್ತದೆ. ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಕೇಂದ್ರದ ಚಿಮಣಿಗಳನ್ನು ನೋಡುತ್ತಾ ಬೆಳೆದ ನಮಗೆ ಆ ಉಳಿತಾಯದ ಬೆಲೆ ಗೊತ್ತು. ಅದಕ್ಕೇ ಅಷ್ಟೊಂದು ಬಲ್ಬುಗಳು ಬಿಚ್ಚಲು ಬರದಂತೆ ಅಂಟು ಹಾಕಿಸಿಕೊಂಡು ಬರುವುದು ನೋಡಿದರೆ ಸಂಕಟವಾಗುತ್ತದೆ. ನಾಲ್ಕು ಸ್ಕ್ರೂ ಹಾಕಿದ್ದರೆ ಸಾಕಿತ್ತು.

ವಾರಂಟಿಯ ನಿಯಮವನ್ನು ಬೇರೆ ಥರವೂ ಬರೆಯಬಹುದು. ಯುರೋಪಿಯನ್ ಒಕ್ಕೂಟ 2024ರಲ್ಲಿ ರಿಪೇರಿಗಾಗಿಯೇ ಒಂದು ಕಾನೂನು ಮಾಡಿತು. ಅಲ್ಲಿ ಗ್ಯಾರಂಟಿ ಅವಧಿಯಲ್ಲಿ ಕೆಟ್ಟ ವಸ್ತುವಿಗೆ ಗಿರಾಕಿ ಬದಲಿ ಕೇಳದೆ ರಿಪೇರಿ ಒಪ್ಪಿಕೊಂಡರೆ, ಗ್ಯಾರಂಟಿ ಒಂದು ವರ್ಷ ಜಾಸ್ತಿಯಾಗುತ್ತದೆ. ಎಷ್ಟು ಸರಳ ನೋಡಿ. ರಿಪೇರಿ ಅಂದರೆ ನಮಗಿರುವ ಭಯ ಒಂದೇ, ಮತ್ತೆ ಕೆಟ್ಟರೆ ಏನು ಗತಿ ಅಂತ. ಆ ಭಯವನ್ನೇ ಅವರು ತೆಗೆದರು. ನಮ್ಮಲ್ಲೂ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ. ಅದರ ಜೊತೆಗೆ ಇಂಥ ಒಂದು ಸಾಲು ಕಾನೂನಿನಲ್ಲಿ ಬರಬೇಕು. ಕೆಟ್ಟ ಭಾಗವನ್ನಷ್ಟೇ ಬಿಡಿಯಾಗಿ ಕೊಡುವುದು ಕಡ್ಡಾಯವಾಗಬೇಕು. ವಾಪಸ್ ಪಡೆದ ವಸ್ತು ಏನಾಯಿತು ಅಂತ ಕಂಪನಿ ಹೇಳಲೇಬೇಕು. ರೂಟರ್ ಕಳಿಸಿದ ದಿನದಿಂದ ನನಗೆ ಇದು ಹಟದಂತೆ ಹತ್ತಿಕೊಂಡಿದೆ.

ಅವತ್ತು ಬಲ್ಬು ವಾಪಸ್ ತೆಗೆದುಕೊಳ್ಳುವಾಗ ರಿಪೇರಿ ಹುಡುಗನನ್ನು ಕೇಳಿದೆ, "ಇದಕ್ಕ ಗ್ಯಾರಂಟಿ ಏನಪ್ಪಾ?" ಅವನು ಸ್ವಲ್ಪ ಯೋಚನೆ ಮಾಡಿದ. "ಆರು ತಿಂಗಳು ನಂದರೀ" ಎಂದ. ಆಮೇಲೆ ಮಾರ್ಕರ್ ತೆಗೆದು, ಅಂಗಡಿಯವರು ಬರೆದಿದ್ದ ತಾರೀಖಿನ ಕೆಳಗೆ ಅವತ್ತಿನ ತಾರೀಖು ಬರೆದು ಕೊಟ್ಟ.