ವೈಫೈ ಫುಲ್ ಇದೆ ಸರ್, ಇಂಟರ್ನೆಟ್ ಬರ್ತಿಲ್ಲ

ರಾತ್ರಿ ಎರಡೂವರೆಗೆ ಫೋನ್ ಹೊಡೆದುಕೊಂಡರೆ ನಮ್ಮ ಮನೆಯಲ್ಲಿ ಈಗ ಯಾರೂ ಗಾಬರಿಯಾಗುವುದಿಲ್ಲ. ಯಾರೋ ವಿಮಾನ ಇಳಿದು ಹೋಟೆಲ್ ಸೇರಿದ್ದಾರೆ, ಲ್ಯಾಪ್‌ಟಾಪ್ ತೆರೆದಿದ್ದಾರೆ, ಅಷ್ಟೇ. ನಾನು ಕಂಪನಿಯೊಂದರ ಐಟಿ ಸಪೋರ್ಟ್ ನೋಡಿಕೊಳ್ಳುವವನು. ಹೊರದೇಶಕ್ಕೆ ಹೋಗುವವರ ಲ್ಯಾಪ್‌ಟಾಪ್‌ಗಳೆಲ್ಲ ನನ್ನ ತಲೆ ಮೇಲೆ. ಹೊರಡುವ ಮುಂಚೆ ಹತ್ತು ನಿಮಿಷ ಬಂದು ಹೋಗಿ ಅಂತ ಮೇಲ್ ಹಾಕುತ್ತೇನೆ. ಯಾರೂ ಬರುವುದಿಲ್ಲ. ಹೋದ ಮೇಲೆ ಎಲ್ಲರಿಗೂ ನನ್ನ ನೆನಪಾಗುತ್ತದೆ.

ಬರುವ ದೂರು ಎರಡೇ ಎರಡು. ಒಂದು: "ವೈಫೈ ಫುಲ್ ಇದೆ ಸರ್, ಇಂಟರ್ನೆಟ್ ಬರ್ತಿಲ್ಲ." ಇನ್ನೊಂದು: "10 ಜಿಬಿ ಪ್ಯಾಕ್ ತಗೊಂಡಿದ್ದೆ ಸರ್, ಎರಡು ಮೇಲ್ ಕಳಿಸಿದ್ದು ಬಿಟ್ಟರೆ ಏನೂ ಮಾಡಿಲ್ಲ, ಬೆಳಗ್ಗೆ ಎದ್ದರೆ ಖಾಲಿ." ಕೇಳಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನಿಸುತ್ತದೆ. ಆದರೆ ಎರಡಕ್ಕೂ ಬೇರು ಒಂದೇ. ವೈಫೈ ಅಂದರೆ ಇಂಟರ್ನೆಟ್ ಅಂತ ನಂಬಿರುವುದು.

ಪ್ಲಗ್ ಅಡಾಪ್ಟರ್ ಒಯ್ಯಿರಿ, ಪಾಸ್‌ವರ್ಡ್ ನೆನಪಿಟ್ಟುಕೊಳ್ಳಿ ಅನ್ನುವುದನ್ನೆಲ್ಲ ನಾನು ಹೇಳುವುದಿಲ್ಲ. ಅದು ನಿಮಗೇ ಗೊತ್ತಿರಬೇಕು. ಈ ಒಂದನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ಉದ್ದವಾದರೆ ಸಹಿಸಿಕೊಳ್ಳಿ.

ವೈಫೈ ಅನ್ನುವುದು ನಿಮ್ಮ ಲ್ಯಾಪ್‌ಟಾಪ್‌ಗೂ ಹತ್ತಿರದಲ್ಲಿರುವ ಒಂದು ಪೆಟ್ಟಿಗೆಗೂ ನಡುವಿನ ಹತ್ತಿಪ್ಪತ್ತು ಹೆಜ್ಜೆಯ ದಾರಿ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಆ ಪೆಟ್ಟಿಗೆಯ ಹಿಂದೆ ಏನಿದೆ ಅನ್ನುವುದು ಬೇರೆಯೇ ವಿಷಯ. ದಪ್ಪ ಫೈಬರ್ ಲೈನ್ ಇರಬಹುದು. ಫೋನಿನ ಸಿಮ್ ಇರಬಹುದು. ಏನೂ ಇಲ್ಲದೆಯೂ ಇರಬಹುದು. ಹಗ್ಗ ಗಟ್ಟಿಯಾಗಿದೆ ಅಂದ ಮಾತ್ರಕ್ಕೆ ಬಾವಿಯಲ್ಲಿ ನೀರಿರುತ್ತದೆಯೇ? ಮೂಲೆಯಲ್ಲಿ ಬೀಸಣಿಗೆಯ ಹಾಗೆ ಕಾಣುವ ಸಿಗ್ನಲ್ ಗೆರೆಗಳು ಹೇಳುವುದು ಹಗ್ಗದ ಸಮಾಚಾರ ಮಾತ್ರ. ನೀವು ಅದನ್ನು ನೋಡಿ ನೀರಿನ ಲೆಕ್ಕ ಹಾಕುತ್ತೀರಿ.

ಮನೆಯಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಲ್ಲಿ ವೈಫೈ ಹಿಂದೆ ಇಂಟರ್ನೆಟ್ ಯಾವಾಗಲೂ ಇರುತ್ತದೆ, ಎಷ್ಟು ಸುರಿದರೂ ಯಾರೂ ಅಳೆಯುವುದಿಲ್ಲ. ಪರದೇಶದಲ್ಲಿ ಹಾಗಲ್ಲ. ಅಲ್ಲಿ ನಿಮ್ಮ ಲ್ಯಾಪ್‌ಟಾಪ್‌ಗೆ ಸಿಗುವುದು ಬಹುಪಾಲು ಎರಡೇ ದಾರಿ. ಫೋನೇ ತನ್ನ ಸಿಮ್ ಡೇಟಾವನ್ನು ವೈಫೈ ಮಾಡಿ ಹಂಚುವ ಹಾಟ್‌ಸ್ಪಾಟ್, ಇಲ್ಲವೇ ಇಳಿದುಕೊಂಡ ಜಾಗದ ವೈಫೈ. ಒಂದರಲ್ಲಿ ನೀರು ತೊಟ್ಟುತೊಟ್ಟಿಗೂ ಲೆಕ್ಕ. ಇನ್ನೊಂದರಲ್ಲಿ ಬಾವಿಗೆ ಬೀಗ.

ಮೊದಲು ಹಾಟ್‌ಸ್ಪಾಟ್. ನಮ್ಮ ಅಕೌಂಟ್ಸ್ ವಿಭಾಗದ ಮೇಡಂ ಒಬ್ಬರು ಐದು ದಿನದ ಮೀಟಿಂಗ್‌ಗೆ ಹೋಗಿದ್ದರು. ಬಹಳ ಜಾಗರೂಕರು, ಪೈಸೆಗೆ ಪೈಸೆ ತಾಳೆ ಹಾಕುವವರು. ಫೋನಿನಲ್ಲಿ 10 ಜಿಬಿಯ ಇ-ಸಿಮ್, ಅಂದರೆ ಚಿಪ್ ಹಾಕದೆ ಫೋನಿಗೇ ಇಳಿಸಿಕೊಳ್ಳುವ ಸಿಮ್. ಮೊದಲ ರಾತ್ರಿ ಹಾಟ್‌ಸ್ಪಾಟ್ ಹಾಕಿ ಎರಡು ಮೇಲ್ ಕಳಿಸಿದರು. ಲ್ಯಾಪ್‌ಟಾಪ್ ಚಾರ್ಜ್‌ಗಿಟ್ಟು, ಮುಚ್ಚಳ ತೆರೆದೇ ಬಿಟ್ಟು, ಮಲಗಿದರು. ಬೆಳಗ್ಗೆ ಟ್ಯಾಕ್ಸಿ ಕರೆಯಲು ಫೋನ್ ತೆಗೆದರೆ ಡೇಟಾ ಸೊನ್ನೆ. ಹೋಟೆಲಿನ ಲ್ಯಾಂಡ್‌ಲೈನಿನಿಂದ ನನಗೆ ಫೋನ್. "ಯಾರೋ ಹ್ಯಾಕ್ ಮಾಡಿದ್ದಾರೆ ಸರ್, ನನ್ನ ಡೇಟಾ ಕದ್ದಿದ್ದಾರೆ."

ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಯೂಸೇಜ್ ಅಂತ ಒಂದು ಪುಟವಿದೆ, ತೆರೆಯಿರಿ ಅಂದೆ. ಯಾವ ಆ್ಯಪ್ ಎಷ್ಟು ತಿಂದಿದೆ ಅಂತ ಅದು 30 ದಿನದ ಲೆಕ್ಕ ಇಟ್ಟಿರುತ್ತದೆ. ಅವರೇ ಓದಿ ಹೇಳಿದರು. ಮೇಲೆಯೇ ಇದ್ದದ್ದು ಫೈಲ್ ಸಿಂಕ್ ಮಾಡುವ, ಅಂದರೆ ಫೈಲ್‌ಗಳ ನಕಲನ್ನು ತಾನಾಗಿ ಇಂಟರ್ನೆಟ್‌ಗೆ ಏರಿಸಿಡುವ ಆ್ಯಪ್. ಹೋದ ವಾರದ ಟ್ರೈನಿಂಗ್ ವಿಡಿಯೋಗಳನ್ನು ಡೆಸ್ಕ್‌ಟಾಪ್ ಮೇಲೆ ಇಟ್ಟುಕೊಂಡಿದ್ದರು, ಅವೆಲ್ಲ ರಾತ್ರಿಯಿಡೀ ಮೇಲೇರಿದ್ದವು. ಅದರ ಕೆಳಗೆ ಸಿಸ್ಟಮ್ ಅಪ್‌ಡೇಟ್. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಂದರೆ ಕಳ್ಳ ನನ್ನ ಲ್ಯಾಪ್‌ಟಾಪೇನಾ?" ಅಂದರು.

ಲ್ಯಾಪ್‌ಟಾಪ್‌ದು ತಪ್ಪಲ್ಲ, ಪಾಪ. ಅದರ ಕಣ್ಣಿಗೆ ಬಿದ್ದದ್ದು ಒಂದು ವೈಫೈ. ಮನೆಯದೂ ವೈಫೈ, ಇದೂ ವೈಫೈ. ಹಿಂದೆ ಇರುವುದು ಎಣಿಸಿ ಕೊಂಡ ಸಿಮ್ ಡೇಟಾ ಅಂತ ಅದಕ್ಕೆ ಯಾರು ಹೇಳಬೇಕು? ನೀವು ಹೇಳಬೇಕು. ಹೇಳುವುದಕ್ಕೆ ಒಂದು ಗುಂಡಿ ಇದೆ. ವಿಂಡೋಸ್‌ನಲ್ಲಿ ವೈಫೈಗೆ ಹೋಗಿ, ಆ ಹಾಟ್‌ಸ್ಪಾಟ್ ಹೆಸರಿನ ಪ್ರಾಪರ್ಟೀಸ್ ತೆರೆದರೆ ಮೀಟರ್ಡ್ ಕನೆಕ್ಷನ್ ಅಂತ ಸಿಗುತ್ತದೆ. ಅದನ್ನು ಆನ್ ಮಾಡಿ. ಮ್ಯಾಕ್‌ನಲ್ಲಿ ಇದೇ ಕೆಲಸಕ್ಕೆ ಲೋ ಡೇಟಾ ಮೋಡ್ ಇದೆ. ಅಷ್ಟು ಮಾಡಿದರೆ ದೊಡ್ಡ ಅಪ್‌ಡೇಟ್‌ಗಳು, ಸಿಂಕ್‌ಗಳು ಹೆಚ್ಚಿನ ಮಟ್ಟಿಗೆ ಸುಮ್ಮನೆ ಕೂರುತ್ತವೆ.

"ಹೆಚ್ಚಿನ ಮಟ್ಟಿಗೆ" ಅಂದದ್ದನ್ನು ಗಮನಿಸಿ. ಎಲ್ಲ ಆ್ಯಪ್‌ಗಳೂ ಈ ಮಾತು ಕೇಳುವುದಿಲ್ಲ. ಫೈಲ್ ಸಿಂಕ್, ಫೋಟೋ ಬ್ಯಾಕಪ್ ಇವನ್ನು ಕೈಯಾರೆ ನಿಲ್ಲಿಸಿಡುವುದೇ ವಾಸಿ. ಆಫೀಸ್ ಲ್ಯಾಪ್‌ಟಾಪ್ ಆದರೆ ನನ್ನಂಥವನು ಯಾವುದೋ ಅಪ್‌ಡೇಟನ್ನು ಕಡ್ಡಾಯ ಮಾಡಿಟ್ಟಿರಬಹುದು, ಕೇಳಿಕೊಂಡು ಹೋಗಿ. ಇನ್ನೊಂದು, ಈ ಗುಂಡಿ ಪ್ರತಿ ನೆಟ್‌ವರ್ಕ್‌ಗೂ ಬೇರೆ ಬೇರೆ. ಹಾಟ್‌ಸ್ಪಾಟ್‌ಗೆ ಆನ್ ಮಾಡಿದಿರಿ, ಮಾರನೇ ದಿನ ಅದೇ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿದಿರಿ ಅಂತಿಟ್ಟುಕೊಳ್ಳಿ. ವಿಂಡೋಸ್‌ಗೆ ಅದು ಎದರ್‌ನೆಟ್, ಅಂದರೆ ಹೊಸ ನೆಟ್‌ವರ್ಕ್. ಅಲ್ಲಿ ಮತ್ತೆ ಆನ್ ಮಾಡಬೇಕು. ಇದನ್ನು ಎಷ್ಟು ಸಲ ಹೇಳಿದರೂ ಜನ ಮರೆಯುತ್ತಾರೆ. ಹಾಗಂತ ಕೇಬಲ್ ಬೇಡ ಅನ್ನುತ್ತಿಲ್ಲ. ಸಂಪರ್ಕ ಕಡಿಯದೆ ಗಟ್ಟಿಯಾಗಿರುತ್ತದೆ, ಫೋನೂ ಚಾರ್ಜ್ ಆಗುತ್ತದೆ, ನನಗೆ ಕೇಬಲ್ಲೇ ಇಷ್ಟ.

ಐಫೋನಿನ ಹಾಟ್‌ಸ್ಪಾಟ್ ಲ್ಯಾಪ್‌ಟಾಪ್‌ನಲ್ಲಿ ಕಾಣುತ್ತಲೇ ಇಲ್ಲ ಅಂದರೆ, ಫೋನಿನ ಹಾಟ್‌ಸ್ಪಾಟ್ ಪುಟವನ್ನು ತೆರೆದೇ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ಅಲ್ಲೇ ಇರುವ ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ ಆನ್ ಮಾಡಿ.

"ನಂದು ಅನ್‌ಲಿಮಿಟೆಡ್ ಪ್ಯಾಕ್ ಸರ್, ನನಗೆ ಇದೆಲ್ಲ ಬೇಡ" ಅನ್ನುವವರು ಇದ್ದಾರೆ. ಅವರ ಮೇಲೆ ನನಗೆ ವಿಶೇಷ ಪ್ರೀತಿ. ಅನ್‌ಲಿಮಿಟೆಡ್ ಅಂತ ಬರೆದ ಕಡೆ ಕೆಳಗೆ ಸಣ್ಣಕ್ಷರದಲ್ಲಿ ಏನಿದೆ ಓದಿದ್ದೀರಾ? ದಿನಕ್ಕೆ ಇಷ್ಟು ಜಿಬಿ ಆದ ಮೇಲೆ ವೇಗ ಇಳಿಯುತ್ತದೆ ಅಂತ ಇರುತ್ತದೆ. 128 ಕೆಬಿಪಿಎಸ್ ಅಂತ ಬರೆದಿದ್ದರೆ ಲೆಕ್ಕ ಹಾಕಿ ನೋಡಿ, ಆ ವೇಗದಲ್ಲಿ 1 ಜಿಬಿ ಇಳಿಯಲು 17 ಗಂಟೆಗೂ ಜಾಸ್ತಿ ಬೇಕು. ಲಿಮಿಟ್ ಇಲ್ಲ ನಿಜ, ಕಾಯುವುದಕ್ಕೂ ಲಿಮಿಟ್ ಇಲ್ಲ. ಜೊತೆಗೆ ಕೆಲವು ಪ್ಯಾಕ್‌ಗಳಲ್ಲಿ ಹಾಟ್‌ಸ್ಪಾಟ್ ಕೊಡುವುದಕ್ಕೇ ಅನುಮತಿ ಇರುವುದಿಲ್ಲ, ಅಥವಾ ಅದಕ್ಕೆ ಬೇರೆ ಮಿತಿ ಇರುತ್ತದೆ. ಲ್ಯಾಪ್‌ಟಾಪ್ ಒಯ್ಯುವವರು ಕೊಳ್ಳುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ಇದು.

ಈಗ ಬೀಗ ಹಾಕಿದ ಬಾವಿ. ಹೋಟೆಲು, ವಿಮಾನ ನಿಲ್ದಾಣಗಳಲ್ಲಿ ವೈಫೈ ಸೇರಿದ ಕೂಡಲೇ ಇಂಟರ್ನೆಟ್ ಸಿಗುವುದಿಲ್ಲ. ಮೊದಲು ಒಂದು ಲಾಗಿನ್ ಪುಟ ಬರಬೇಕು, ಅಲ್ಲಿ ರೂಮ್ ನಂಬರೋ ಹೆಸರೋ ಕೊಟ್ಟ ಮೇಲೆ ಬಾಗಿಲು ತೆರೆಯುತ್ತದೆ. ಆ ಪುಟ ಬರುವ ಬಗೆ ತಮಾಷೆಯಾಗಿದೆ. ವೈಫೈ ಸೇರಿದ ತಕ್ಷಣ ಲ್ಯಾಪ್‌ಟಾಪ್ ಗುಟ್ಟಾಗಿ ಒಂದು ಪುಟ್ಟ ಪುಟವನ್ನು ಕೇಳುತ್ತದೆ. ವಿಂಡೋಸ್ ಆದರೆ ಆ ಪುಟದಲ್ಲಿ "ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್" ಅಂತ ಮೂರೇ ಪದ. ಆಪಲ್ ಆದರೆ "ಸಕ್ಸೆಸ್" ಅಂತ ಒಂದೇ ಪದ. ಅದು ಸರಿಯಾಗಿ ಬಂದರೆ ಇಂಟರ್ನೆಟ್ ಇದೆ ಅಂತ ಅರ್ಥ. ಅದರ ಬದಲು ಬೇರೇನೋ ಬಂದರೆ ಯಾರೋ ನಡುವೆ ನಿಂತಿದ್ದಾರೆ ಅಂತ ಅರ್ಥ ಮಾಡಿಕೊಂಡು ಲಾಗಿನ್ ಪುಟವನ್ನು ನಿಮ್ಮ ಮುಂದಿಡುತ್ತದೆ.

ಇದು ಎಡವುವುದು ಎಲ್ಲಿ ಅಂದರೆ, ಆ ಪುಟವನ್ನು ನೀವು ಗಡಿಬಿಡಿಯಲ್ಲಿ ಮುಚ್ಚಿಬಿಡುತ್ತೀರಿ. ಆಮೇಲೆ ಬ್ರೌಸರ್‌ನಲ್ಲಿ ಮೇಲ್ ತೆರೆಯುತ್ತೀರಿ. ಈಗಿನ ಸೈಟ್‌ಗಳು ಬಹುತೇಕ ಎಚ್‌ಟಿಟಿಪಿಎಸ್, ಅಂದರೆ ನಡುವೆ ಯಾರೂ ಓದದ ಹಾಗೆ ತಮ್ಮದೇ ಬೀಗ ಹಾಕಿಕೊಂಡವು. ನಡುವೆ ಬೇರೆಯವರು ಬಾಯಿ ಹಾಕಿದರೆ ಬ್ರೌಸರ್ ಒಪ್ಪುವುದಿಲ್ಲ, ಒಪ್ಪಲೂಬಾರದು. ಹಾಗಾಗಿ ಲಾಗಿನ್ ಪುಟ ಬರುವುದೇ ಇಲ್ಲ, ಬದಲಿಗೆ ಕೆಂಪು ಎಚ್ಚರಿಕೆ ಬರುತ್ತದೆ. ಅಲ್ಲಿ "ಮುಂದುವರಿ" ಒತ್ತಬೇಡಿ. ಟ್ಯಾಬ್ ಮುಚ್ಚಿ, ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ (neverssl.com) ಅಂತ ಟೈಪ್ ಮಾಡಿ. ಎಸ್‌ಎಸ್‌ಎಲ್ ಅಂದರೆ ಆ ಬೀಗವೇ. ಹೆಸರೇ ಹೇಳುವ ಹಾಗೆ ಅದು ಎಂದೂ ಬೀಗ ಹಾಕಿಕೊಳ್ಳದ ಸೈಟ್. ಹೋಟೆಲಿನ ಪುಟ ಅಲ್ಲಿಗೆ ಬಂದು ನಿಲ್ಲುತ್ತದೆ.

ಆದರೂ ಬರಲಿಲ್ಲವೇ? ವಿಪಿಎನ್, ಅಂದರೆ ಲ್ಯಾಪ್‌ಟಾಪ್‌ನಿಂದ ಆಫೀಸಿಗೆ ಇಂಟರ್ನೆಟ್ ಮೂಲಕ ಹಾಕಿದ ಗುಪ್ತ ಸುರಂಗ, ಆನ್ ಇದೆಯೇ ನೋಡಿ. ಈ ವಿಷಯದಲ್ಲಿ ನಾನೂ ಒಂದು ಪೆಟ್ಟು ತಿಂದಿದ್ದೇನೆ. ನಮ್ಮ ಮ್ಯಾನೇಜರ್ ಒಬ್ಬರು ಹೊರದೇಶದ ಹೋಟೆಲಿನಲ್ಲಿ ಮೂರು ಗಂಟೆ ಒದ್ದಾಡಿದರು. ಹೋಟೆಲಿನವರನ್ನು ಬೈದರು, ರೂಮ್ ಬದಲಾಯಿಸಿದರು, ಕೊನೆಗೆ ನನ್ನನ್ನು ಬೈದರು. ಅವರ ಲ್ಯಾಪ್‌ಟಾಪ್‌ನಲ್ಲಿ ವಿಪಿಎನ್ ಯಾವಾಗಲೂ ಆನ್, ಅದಿಲ್ಲದೆ ಒಂದು ಅಕ್ಷರವೂ ಹೊರಗೆ ಹೋಗುವ ಹಾಗಿಲ್ಲ. ವಿಪಿಎನ್ ಇಂಟರ್ನೆಟ್‌ಗೆ ಕಾಯುತ್ತಿತ್ತು. ಇಂಟರ್ನೆಟ್ ಲಾಗಿನ್‌ಗೆ ಕಾಯುತ್ತಿತ್ತು. ಲಾಗಿನ್ ಪುಟ ವಿಪಿಎನ್ ದಾರಿ ಬಿಡಲಿ ಅಂತ ಕಾಯುತ್ತಿತ್ತು. ಅದನ್ನು ಹಾಗೆ ಸೆಟ್ ಮಾಡಿದ್ದು ನಾನೇ. ಕೊನೆಗೆ ಅವರು ಕೊಟ್ಟ ಬೈಗುಳ ಮಾತ್ರ ಸರಿಯಾದ ವಿಳಾಸಕ್ಕೆ ಬಂದಿತ್ತು. ಈಗ ಲಾಗಿನ್ ಪುಟಕ್ಕೆ ಒಂದು ಕಿಂಡಿ ಬಿಟ್ಟಿದ್ದೇನೆ. ಮೊದಲು ಲಾಗಿನ್, ಆಮೇಲೆ ವಿಪಿಎನ್. ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಅನ್ನು ಕೈಯಾರೆ ಬದಲಿಸಿಕೊಂಡವರಿಗೂ ಇದೇ ತೊಂದರೆ ಬರಬಹುದು. ಅದನ್ನು ತಾತ್ಕಾಲಿಕವಾಗಿ ಆಟೊಮ್ಯಾಟಿಕ್‌ಗೆ ಹಾಕಿ ನೋಡಿ.

ಪೆಟ್ಟಿಗೆಯ ಹಿಂದೆ ಏನಿದೆ ಅನ್ನುವುದು ಇನ್ನೊಂದು ಕಡೆಯೂ ಆಟ ತೋರಿಸುತ್ತದೆ. ರೋಮಿಂಗ್ ಸಿಮ್‌ನ ಡೇಟಾ ಸಾಮಾನ್ಯವಾಗಿ ನೀವಿರುವ ದೇಶದಿಂದ ನೇರವಾಗಿ ಇಂಟರ್ನೆಟ್‌ಗೆ ಹೋಗುವುದಿಲ್ಲ. ಸಿಮ್ ಕೊಟ್ಟ ಕಂಪನಿಯ ನೆಟ್‌ವರ್ಕ್‌ಗೆ ಹೋಗಿ, ಅಲ್ಲಿಂದ ಹೊರಬೀಳುತ್ತದೆ. ಸಿಗ್ನಲ್ ಫುಲ್ ಇದ್ದರೂ ವಿಡಿಯೋ ಕಾಲ್‌ನಲ್ಲಿ ಮಾತು ತಡವಾಗಿ ಬರುವುದಕ್ಕೆ ಇದೂ ಒಂದು ಕಾರಣ. ಚೀನಾದಲ್ಲಿ ಹೋಟೆಲ್ ವೈಫೈನಲ್ಲಿ ತೆರೆಯದ ಗೂಗಲ್, ಅದೇ ಕೋಣೆಯಲ್ಲಿ ರೋಮಿಂಗ್ ಸಿಮ್‌ನ ಹಾಟ್‌ಸ್ಪಾಟ್‌ನಲ್ಲಿ ತೆರೆಯುವುದೂ ಇದರಿಂದಲೇ. ಆದರೆ ಕಂಪನಿಗಳ ವ್ಯವಸ್ಥೆ ಬದಲಾಗುತ್ತಿರುತ್ತದೆ, ಅದನ್ನೇ ನಂಬಿಕೊಂಡು ಹೋಗಿ ಅಂತ ನಾನು ಹೇಳಲಾರೆ. ಅಲ್ಲಿನ ಕಾನೂನು ಏನಿದೆ ಅಂತ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ. ಇ-ಸಿಮ್ ಕೊಂಡವರಿಗೆ ಒಮ್ಮೊಮ್ಮೆ ಬ್ಯಾಂಕ್ ಸೈಟ್ ನೀವು ಮೂರನೆಯ ಯಾವುದೋ ದೇಶದಲ್ಲಿದ್ದೀರಿ ಅಂತ ತಿಳಿದು ಲಾಗಿನ್ ತಡೆಯುತ್ತದೆ. ಅದಕ್ಕೂ ಹ್ಯಾಕಿಂಗ್‌ಗೂ ಸಂಬಂಧವಿಲ್ಲ.

ಉಳಿದದ್ದು ಚಿಕ್ಕಪುಟ್ಟ ಮಾತು. ಇ-ಸಿಮ್ ಇನ್‌ಸ್ಟಾಲ್ ಮಾಡಲು ಇಂಟರ್ನೆಟ್ ಬೇಕು, ಅದಕ್ಕೇ ಅದನ್ನು ಹೊರಡುವ ಮುಂಚೆ ಮಾಡಿ. ಕ್ಯೂಆರ್ ಕೋಡ್ ಸಾಮಾನ್ಯವಾಗಿ ಒಂದೇ ಸಲ ಕೆಲಸ ಮಾಡುತ್ತದೆ, ಸರಿ ಹೋಗುತ್ತಿಲ್ಲ ಅಂತ ಸುಮ್ನೆ ಡಿಲೀಟ್ ಮಾಡಬೇಡಿ. ಫೋನ್ ಒಂದೇ ಕಂಪನಿಗೆ ಲಾಕ್ ಆಗಿದ್ದರೆ ಬೇರೆಯವರ ಸಿಮ್ ನಡೆಯುವುದಿಲ್ಲ. ಮನೆಯ ಸಿಮ್‌ನಲ್ಲಿ ಡೇಟಾ ರೋಮಿಂಗ್ ಆಫ್ ಇರಲಿ, ಸಿಮ್ ಮಾತ್ರ ಆನ್ ಇರಲಿ, ಒಟಿಪಿ ಬರಬೇಕಲ್ವಾ. ಐರೋಪ್ಯ ಒಕ್ಕೂಟದೊಳಗೆ 2017ರ ಜೂನ್ 15ರಿಂದ ಒಂದು ಸದಸ್ಯ ದೇಶದ ಸಿಮ್ ಇನ್ನೊಂದರಲ್ಲಿ ರೋಮಿಂಗ್‌ನ ಹೆಚ್ಚುವರಿ ದರವಿಲ್ಲದೆ ನಡೆಯುತ್ತದೆ, ಒಂದು ಮಿತಿಯೊಳಗೆ. ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ. ರೈಲು ಗಡಿ ದಾಟಿದ್ದು ನಿದ್ದೆಯಲ್ಲಿರುವ ನಿಮಗೆ ಗೊತ್ತಾಗುವುದಿಲ್ಲ, ಸಿಮ್‌ಗೆ ಗೊತ್ತಾಗುತ್ತದೆ. ಹಡಗಿನಲ್ಲಿ ಹೋದರೆ ದಡ ಬಿಟ್ಟ ಮೇಲೆ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ನಡುನೀರಿನಲ್ಲಿ ಸಿಗುವ ಸಿಗ್ನಲ್ ಹಡಗಿನದೇ, ಅದರ ಹಿಂದೆ ಇರುವುದು ಸ್ಯಾಟಲೈಟ್, ಬಿಲ್ ಕೂಡ ಆಕಾಶದಿಂದಲೇ ಬೀಳುತ್ತದೆ.

ಹೇಳಿದ ಮಾತನ್ನು ಚಾಚೂ ತಪ್ಪದೆ ಕೇಳಿದವರೂ ಇದ್ದಾರೆ. ನಿವೃತ್ತಿಗೆ ಎರಡು ವರ್ಷ ಇದ್ದ ಹಿರಿಯರೊಬ್ಬರು ಹೊರಡುವ ಮುಂಚೆ ನೋಟ್‌ಬುಕ್ ಹಿಡಿದು ನನ್ನ ಟೇಬಲ್ ಹತ್ತಿರ ಬಂದರು. ಹೇಳಿದ್ದನ್ನೆಲ್ಲ ಬರೆದುಕೊಂಡರು, ಎರಡು ವಾರ ಹೋಗಿ ಬಂದರು, ಒಂದು ಸಲವೂ ಫೋನ್ ಮಾಡಲಿಲ್ಲ. ನಾನು ಎಲ್ಲರೆದುರು ಅವರನ್ನು ಹೊಗಳಿದೆ. ಎರಡು ತಿಂಗಳ ನಂತರ ಅವರ ಲ್ಯಾಪ್‌ಟಾಪ್ ನನ್ನ ಪಟ್ಟಿಯಲ್ಲಿ ಕೆಂಪಗೆ ಕಾಣಿಸಿತು. ಅಪ್‌ಡೇಟ್ ಆಗಿಯೇ ಇಲ್ಲ. ತರಿಸಿ ನೋಡಿದರೆ ಮನೆಯ ವೈಫೈಗೂ ಮೀಟರ್ಡ್ ಆನ್, ಆಫೀಸ್ ವೈಫೈಗೂ ಆನ್, ಮಗಳ ಮನೆಯ ವೈಫೈಗೂ ಆನ್.

"ನೀವೇ ಹೇಳಿದ್ರಲ್ಲ ಸರ್, ಪ್ರತಿ ನೆಟ್‌ವರ್ಕ್‌ಗೂ ಬೇರೆ ಬೇರೆ ಮಾಡಬೇಕು ಅಂತ," ಅಂದು ನೋಟ್‌ಬುಕ್ ತೆರೆದು ತೋರಿಸಿದರು. ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿದ್ದರು.