ಪದ ಪರಿಚಯ: ‘ಅಪ್‌ಸೆಟ್’ ಎನ್ನುವ ಮುನ್ನ ಯಾರ ಲೆಕ್ಕ ತಪ್ಪಿತೆಂದು ನೋಡಿ

2025ರ ಜನವರಿ 1ರಂದು ಅಮೆರಿಕದ ಕಾಲೇಜು ಫುಟ್‌ಬಾಲಿನ ರೋಸ್ ಬೌಲ್ ಪಂದ್ಯದಲ್ಲಿ ಒಹಾಯೊ ಸ್ಟೇಟ್ ತಂಡವು ಒರೆಗಾನ್ ತಂಡವನ್ನು 41-21ರಿಂದ ಸೋಲಿಸಿದಾಗ, ‘ಎಂಟನೇ ಶ್ರೇಯಾಂಕದ ತಂಡಕ್ಕೆ ಅಗ್ರ ಶ್ರೇಯಾಂಕದ ತಂಡ ಶರಣು, ವರ್ಷದ ಅತಿ ದೊಡ್ಡ ಅಪ್‌ಸೆಟ್’ ಎಂಬ ಸಾಲು ಅಮೆರಿಕದಲ್ಲಿನ ಕನ್ನಡಿಗರ ನಡುವೆ ಹರಿದಾಡಿತ್ತು. ಮುಂಬರುವ ಕಾಲೇಜು ಫುಟ್‌ಬಾಲ್ ಪಂದ್ಯಗಳ ಫಲಿತಾಂಶವನ್ನು ಊಹಿಸುವ ಬರಹವೊಂದರಲ್ಲಿ ಅದೇ ಸಾಲು ಈಚೆಗೆ ಮತ್ತೆ ಕಣ್ಣಿಗೆ ಬಿದ್ದುದರಿಂದ ಇದನ್ನು ಬರೆಯಬೇಕಾಯಿತು. ಆ ಪಂದ್ಯಕ್ಕೆ ಮುಂಚೆ ಬೆಟ್ಟಿಂಗ್ ಸಂಸ್ಥೆಗಳು ಒಹಾಯೊ ಸ್ಟೇಟ್ ತಂಡವೇ ಎರಡೂವರೆ ಅಂಕಗಳಿಂದ ಗೆಲ್ಲುವುದೆಂದು ಎಣಿಸಿದ್ದವು. ಸೋಲುವುದೆಂದು ಎಣಿಸಿದ ತಂಡ ಗೆದ್ದರೆ ಅದು ಅಪ್‌ಸೆಟ್; ಗೆಲ್ಲುವುದೆಂದು ಎಣಿಸಿದ ತಂಡವೇ ಗೆದ್ದ ಮೇಲೆ ಅದನ್ನು ಅಪ್‌ಸೆಟ್ ಎನ್ನಲು ಬರುವುದಿಲ್ಲ. ಗೆಲುವಿನ ಅಂತರ ಎಣಿಸಿದ್ದಕ್ಕಿಂತ ದೊಡ್ಡದಾಯಿತು, ಅಷ್ಟೇ.

ಪದದ ಹಿನ್ನೆಲೆಯನ್ನು ನೋಡಿದರೆ ಈ ಗೊಂದಲಕ್ಕೆ ಎಡೆಯೇ ಇರುವುದಿಲ್ಲ. 15ನೇ ಶತಮಾನದ ಇಂಗ್ಲಿಷಿನಲ್ಲಿ ‘ಅಪ್‌ಸೆಟ್’ ಎಂದರೆ ‘ಎತ್ತಿ ನಿಲ್ಲಿಸು’ ಎಂದರ್ಥವಿತ್ತು. ಇಂದಿನ ಅರ್ಥಕ್ಕೆ ಪೂರಾ ವಿರುದ್ಧ. 19ನೇ ಶತಮಾನದ ಆರಂಭದ ವರ್ಷಗಳಲ್ಲಿ ಅದು ‘ಮಗುಚು’ ಎಂಬ ಅರ್ಥಕ್ಕೆ ಹೊರಳಿ, ದೋಣಿ ಮಗುಚುವುದಕ್ಕೂ ಕುದುರೆಗಾಡಿ ಪಲ್ಟಿಯಾಗುವುದಕ್ಕೂ ಬಳಕೆಯಾಯಿತು. ಸರಿಸುಮಾರು ಅದೇ ಕಾಲದಲ್ಲಿ ಮನಸ್ಸು ಕದಡುವುದೆಂಬ ಅರ್ಥವೂ ಸೇರಿತು. ‘ಬೆಳಗ್ಗಿನಿಂದ ಅಪ್‌ಸೆಟ್ ಆಗಿದ್ದಾಳೆ’, ‘ಹೊಟ್ಟೆ ಅಪ್‌ಸೆಟ್ ಆಗಿದೆ’ ಎಂದು ಕನ್ನಡದ ಆಡುಮಾತಿಗೆ ಬಂದು ನೆಲೆಸಿದ್ದು ಈ ಕವಲು. ಆಟದ ಕವಲು ಬೆಳೆದದ್ದು ಕುದುರೆ ಜೂಜಿನ ಅಂಗಳದಲ್ಲಿ.

ಇಲ್ಲಿ ಒಂದು ಕಟ್ಟುಕಥೆ ಎಡತಾಕುತ್ತದೆ. ಅದನ್ನು ಸತ್ಯವೆಂದು ಹೇಳುವವರು ಇಂದಿಗೂ ಇದ್ದಾರೆ. 1919ರ ಆಗಸ್ಟ್ 13ರಂದು ನ್ಯೂಯಾರ್ಕ್ ರಾಜ್ಯದ ಸಾರಟೋಗಾದಲ್ಲಿ ನಡೆದ ಸ್ಯಾನ್‌ಫರ್ಡ್ ಮೆಮೋರಿಯಲ್ ಓಟದಲ್ಲಿ, ಮ್ಯಾನ್ ಓ ವಾರ್ ಎಂಬ ಸುಪ್ರಸಿದ್ಧ ಕುದುರೆ ಆರಂಭದಲ್ಲಿ ಹಿಂದೆ ಬಿದ್ದು, ಕೊನೆಯಲ್ಲಿ ಮುನ್ನುಗ್ಗಿ ಬಂದರೂ ಸಾಲದೆ, ‘ಅಪ್‌ಸೆಟ್’ ಎಂಬ ಹೆಸರಿನ ಕುದುರೆಗೆ ಸೋತಿತು. ತನ್ನ 21 ಓಟಗಳಲ್ಲಿ ಮ್ಯಾನ್ ಓ ವಾರ್ ಸೋತದ್ದು ಅದೊಂದನ್ನೇ. ಆದ್ದರಿಂದ ಅಚ್ಚರಿಯ ಸೋಲಿಗೆಲ್ಲ ಆ ಕುದುರೆಯ ಹೆಸರೇ ನಿಂತಿತು ಎಂಬುದು ಕಥೆ. ಆ ಓಟ ನಡೆದದ್ದು ನಿಜ, ಕುದುರೆಯ ಹೆಸರೂ ನಿಜ. ಪದ ಮಾತ್ರ ಅದಕ್ಕಿಂತ ನಾಲ್ಕು ದಶಕ ಹಳೆಯದು. 1877ರ ಜುಲೈ ತಿಂಗಳ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಮಾನ್ಮತ್ ಪಾರ್ಕ್ ಓಟಗಳ ಮುನ್ನೋಟವೊಂದಿದೆ. ಆ ದಿನದ ನಾಲ್ಕೂ ಓಟಗಳಲ್ಲಿ ನೆಚ್ಚಿನ ಕುದುರೆಗಳೇ ಗೆಲ್ಲುವಂತೆ ಕಾಣುತ್ತದೆಯಾದರೂ, ಈ ಆಟವೇ ಅನಿಶ್ಚಿತವಾದ್ದರಿಂದ ಬೆಚ್ಚಿಬೀಳಿಸುವ ಅಪ್‌ಸೆಟ್ ಒಂದು ನಡೆದರೂ ನಡೆಯಬಹುದು ಎಂಬುದು ಅಲ್ಲಿನ ಮಾತಿನ ಸಾರ.

ಆ ವಾಕ್ಯದ ಜೋಡಣೆಯನ್ನು ಗಮನಿಸಬೇಕು. ಮೊದಲು ಬಂದದ್ದು ಊಹೆ; ಅದರ ಬೆನ್ನಿಗೇ, ಅದು ಮಗುಚಬಹುದೆಂಬ ಎಚ್ಚರಿಕೆ. ಪದವನ್ನು ಬರೆದಾಗ ಒಂದು ಕುದುರೆಯೂ ಇನ್ನೂ ಓಡಿರಲಿಲ್ಲ. ಅಂದರೆ ಅಪ್‌ಸೆಟ್ ಎಂಬುದು ಪಂದ್ಯದ ಗುಣವನ್ನು ಹೇಳುವ ಪದವಲ್ಲ, ಪಂದ್ಯಕ್ಕೆ ಮುಂಚೆ ಹತ್ತು ಮಂದಿ ಒಪ್ಪಿಕೊಂಡಿದ್ದ ಲೆಕ್ಕಕ್ಕೆ ಏನಾಯಿತೆಂದು ಹೇಳುವ ಪದ. ನಮ್ಮ ಪತ್ರಿಕೆಗಳ ಚುನಾವಣಾ ವರದಿಗಳು ಇದನ್ನು ಬಹಳ ಹಿಂದೆಯೇ ಸರಿಯಾಗಿ ಹಿಡಿದಿವೆ: ‘ಲೆಕ್ಕಾಚಾರ ತಲೆಕೆಳಗು’ ಎಂದು ಬರೆಯುತ್ತಾರೆ, ‘ಗೆಲ್ಲುವ ಕುದುರೆ’ಗೆ ಟಿಕೆಟ್ ಎನ್ನುತ್ತಾರೆ. ಕ್ರೀಡಾಪುಟದಲ್ಲಿ ಮಾತ್ರ ಯಾರು ಸೋತರೂ ‘ಆಘಾತ’ ಎಂಬ ಒಂದೇ ಪದ. ಆಘಾತವಾಗುವುದು ಸೋತವರಿಗೆ, ತಲೆಕೆಳಗಾಗುವುದು ಲೆಕ್ಕ. ‘ತಲೆಕೆಳಗು’ ಎಂಬಷ್ಟು ನಿಖರವಾದ ಪದ ನಮ್ಮಲ್ಲೇ ಇರುವಾಗ ಅದನ್ನು ಆಟದ ಬರಹಗಳಿಗೆ ತರದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಹಾಗಾದರೆ ಯಾವ ಲೆಕ್ಕ? ಗೊಂದಲದ ಬೇರು ಇರುವುದು ಇಲ್ಲಿ. 1936ರಿಂದ ನಡೆದುಬಂದ, ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ರ‍್ಯಾಂಕಿಂಗ್ ಪತ್ರಕರ್ತರ ಮತದಿಂದ ಆಗುವಂಥದ್ದು. ಅದು ಮುಖ್ಯವಾಗಿ ಈವರೆಗೆ ಗೆದ್ದದ್ದಕ್ಕೆ ಕೊಡುವ ಮನ್ನಣೆ. ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಸುತ್ತುಗಳಾದ ಪ್ಲೇಆಫ್‌ನ ಶ್ರೇಯಾಂಕವಂತೂ 2024ರಲ್ಲಿ ನಿಯಮದ ಕೂಸಾಗಿತ್ತು: ಮೊದಲ ನಾಲ್ಕು ಸ್ಥಾನಗಳನ್ನು ಕಾನ್ಫರೆನ್ಸ್ (ತಂಡಗಳ ಗುಂಪು) ಚಾಂಪಿಯನ್‌ಗಳಿಗೆಂದೇ ಕಾದಿರಿಸಲಾಗಿತ್ತು. ಅದರಿಂದಾಗಿ ನಾಲ್ಕನೇ ಶ್ರೇಯಾಂಕದ ಅರಿಜೋನಾ ಸ್ಟೇಟ್ ಎದುರು ಐದನೇ ಶ್ರೇಯಾಂಕದ ಟೆಕ್ಸಸ್ ಹತ್ತಕ್ಕೂ ಹೆಚ್ಚು ಅಂಕಗಳ ನೆಚ್ಚಿನ ತಂಡವಾಗಿತ್ತು. ಆ ಪಂದ್ಯ ಎರಡು ಓವರ್‌ಟೈಮ್‌ಗಳವರೆಗೆ ಎಳೆದು, ಟೆಕ್ಸಸ್ 39-31ರಿಂದ ಗೆದ್ದಿತು. ಅಲ್ಲಿ ಅಪ್‌ಸೆಟ್ ಆಗಬೇಕಿದ್ದರೆ ‘ಮೇಲಿನ’ ಶ್ರೇಯಾಂಕದ ತಂಡ ಗೆಲ್ಲಬೇಕಿತ್ತು! ಆ ನಿಯಮವನ್ನು ಮರುವರ್ಷವೇ ಬದಲಿಸಿದರು.

ಸ್ಪ್ರೆಡ್ (ಬೆಟ್ಟಿಂಗ್ ಸಂಸ್ಥೆಗಳು ಪಂದ್ಯಕ್ಕೆ ಮುಂಚೆ ಎಣಿಸುವ ಗೆಲುವಿನ ಅಂತರ) ಮಾತ್ರ ಮುಂದಿನ ಪಂದ್ಯವೊಂದನ್ನೇ ನೋಡುತ್ತದೆ. ಯಾರ ಅಂಗಳ, ಯಾರಿಗೆ ಪೆಟ್ಟಾಗಿದೆ, ದಾಳಿಯನ್ನು ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್ ಯಾರು ಎಂಬುದೆಲ್ಲ ಸೇರಿ ಒಂದು ಸಂಖ್ಯೆಯಾಗುತ್ತದೆ. ಎರಡೂ ಕಡೆಯ ಹಣದ ಒತ್ತಡಕ್ಕೆ ಅದು ಅಲ್ಪಸ್ವಲ್ಪ ಬಾಗುತ್ತದೆಂಬುದು ನಿಜ, ಆದರೂ ಪಂದ್ಯಕ್ಕೆ ಮುಂಚಿನ ಒಮ್ಮತ ಏನಿತ್ತೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ಅಳತೆಗೋಲು ಸಿಗುವುದಿಲ್ಲ. ಅದನ್ನು ಓದಲು ಯಾರೂ ಬಾಜಿ ಕಟ್ಟಬೇಕಾಗಿಲ್ಲ. ಪಾಯಿಂಟ್ ಸ್ಪ್ರೆಡ್‌ನಿಂದ ಅಳೆದರೆ ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ಅಪ್‌ಸೆಟ್ 2017ರ ಸೆಪ್ಟೆಂಬರ್ 2ರದು: 45 ಅಂಕಗಳಿಂದ ಸೋಲುವುದೆಂದು ಎಣಿಸಿದ್ದ ಹೊವಾರ್ಡ್ ತಂಡವು ಲಾಸ್ ವೇಗಸ್‌ನಲ್ಲಿ ಯುಎನ್‌ಎಲ್‌ವಿ ತಂಡವನ್ನು 43-40ರಿಂದ ಸೋಲಿಸಿತು. ಸೋತ ತಂಡಕ್ಕೆ ಯಾವ ರ‍್ಯಾಂಕೂ ಇರಲಿಲ್ಲ. ರ‍್ಯಾಂಕನ್ನೇ ನೋಡಿಕೊಂಡು ಅಪ್‌ಸೆಟ್ ಎಣಿಸುವವರ ಪಟ್ಟಿಯಲ್ಲಿ ಈ ಪಂದ್ಯಕ್ಕೆ ಜಾಗವೇ ಇರುವುದಿಲ್ಲ. ಆ ಪಟ್ಟಿ ಎಂಥದ್ದೆಂದು ಇಷ್ಟರಿಂದಲೇ ತಿಳಿಯುತ್ತದೆ.

ರ‍್ಯಾಂಕೂ ಸ್ಪ್ರೆಡ್ಡೂ ಒಂದೇ ಮಾತು ಹೇಳಿ, ಎರಡೂ ಮಗುಚಿದ ಪಂದ್ಯಗಳು ಬೇರೆ ಬಗೆಯವು. 2007ರಲ್ಲಿ 41 ಅಂಕಗಳಿಂದ ಸೋಲುವುದೆಂದು ಎಣಿಸಿದ್ದ ಸ್ಟ್ಯಾನ್‌ಫರ್ಡ್ ತಂಡ ಯುಎಸ್‌ಸಿಯನ್ನು 24-23ರಿಂದ ಗೆದ್ದದ್ದು, 2024ರ ಅಕ್ಟೋಬರ್ 5ರಂದು ವಾಂಡರ್‌ಬಿಲ್ಟ್ ತಂಡ ಅಗ್ರಸ್ಥಾನದ ಅಲಬಾಮಾವನ್ನು 40-35ರಿಂದ ಮಣಿಸಿದ್ದು ಅಂಥವು. ವಾಂಡರ್‌ಬಿಲ್ಟ್ ವಿದ್ಯಾರ್ಥಿಗಳು ಗೋಲ್‌ಪೋಸ್ಟನ್ನು ಕಿತ್ತು, ಹೆಗಲ ಮೇಲೆ ಹೊತ್ತು ನ್ಯಾಶ್‌ವಿಲ್ ಬೀದಿಗಳಲ್ಲಿ ಸಾಗಿ ಕಂಬರ್‌ಲ್ಯಾಂಡ್ ನದಿಗೆ ಹಾಕಿದರು. ಅಲಬಾಮಾ ವಿರುದ್ಧ 1984ರಿಂದ ಒಮ್ಮೆಯೂ ಗೆಲ್ಲದ ತಂಡದ ಮಕ್ಕಳು ಅವರು. ಆ ಸಂಭ್ರಮಕ್ಕೆ ಅಪ್‌ಸೆಟ್ ಎಂಬ ಪದ ಸಲ್ಲುತ್ತದೆ.

ಇನ್ನೊಂದು ಪಂದ್ಯವನ್ನು ಬಿಡಲಾಗದು. 2007ರ ಸೆಪ್ಟೆಂಬರ್ 1ರಂದು ಆ್ಯನ್ ಆರ್ಬರ್‌ನಲ್ಲಿ, ಒಂದು ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರ ಎದುರಿಗೆ, ಐದನೇ ರ‍್ಯಾಂಕಿನ ಮಿಷಿಗನ್ ತಂಡ ಕೊನೆಯ ಆರು ಸೆಕೆಂಡು ಉಳಿದಿರುವಾಗ 37 ಗಜದ ಫೀಲ್ಡ್ ಗೋಲಿಗೆ (ಚೆಂಡನ್ನು ಗೋಲ್‌ಪೋಸ್ಟಿನ ಕಂಬಗಳ ನಡುವೆ ಒದೆಯುವುದಕ್ಕೆ) ಸಿದ್ಧವಾಯಿತು. ಹೋದರೆ ಗೆಲುವು. ಆಪಲೇಚಿಯನ್ ಸ್ಟೇಟ್‌ನ ಕೋರಿ ಲಿಂಚ್ ಅಂಚಿನಿಂದ ನುಗ್ಗಿ ಚೆಂಡಿಗೆ ಮೈಯೊಡ್ಡಿ ತಡೆದು, ಅದನ್ನೇ ಎತ್ತಿಕೊಂಡು ಓಡಿದರು; 34-32. ಬಹುತೇಕ ಬೆಟ್ಟಿಂಗ್ ಸಂಸ್ಥೆಗಳು ಆ ಪಂದ್ಯಕ್ಕೆ ಸ್ಪ್ರೆಡ್ ಪ್ರಕಟಿಸಿರಲೇ ಇಲ್ಲ, ಲೆಕ್ಕ ಹಾಕುವುದೇ ವ್ಯರ್ಥವೆಂಬಂತೆ. ಆದರೆ ಗೆದ್ದವರು ಕೆಳಗಿನ ವಿಭಾಗದಲ್ಲಿ 2005 ಮತ್ತು 2006ರ ಚಾಂಪಿಯನ್ನರಾಗಿದ್ದರು, 2007ರಲ್ಲೂ ಆದರು. ತಂಡ ಬಲವಾಗಿಯೇ ಇತ್ತು. ನೋಡುವವರ ಕಣ್ಣು ಅತ್ತ ಹೋಗಿರಲಿಲ್ಲ. ಮಿಷಿಗನ್ ಐದನೇ ಸ್ಥಾನದಿಂದ ನೇರವಾಗಿ 25ರ ಪಟ್ಟಿಯ ಹೊರಕ್ಕೆ ಬಿದ್ದಿತು, ಕೆಳಗಿನ ವಿಭಾಗದ ತಂಡಗಳಿಗೂ ಮತ ಹಾಕಬಹುದೆಂದು ಅಸೋಸಿಯೇಟೆಡ್ ಪ್ರೆಸ್ ತನ್ನ ನಿಯಮವನ್ನೇ ತಿದ್ದಿತು.

‘ಈ ವಾರ ಅಪ್‌ಸೆಟ್‌ಗಳ ಸುರಿಮಳೆ’ ಎಂಬ ಮಾತಿನ ಬಗ್ಗೆಯೂ ಹೇಳಬೇಕು. ವೃತ್ತಿಪರ ಎನ್‌ಎಫ್‌ಎಲ್ ಪಂದ್ಯಗಳನ್ನು ಅಭ್ಯಸಿಸಿದ ಸಂಖ್ಯಾಶಾಸ್ತ್ರಜ್ಞ ಹಾಲ್ ಸ್ಟರ್ನ್ 1991ರಲ್ಲಿ ತೋರಿಸಿದಂತೆ, ನಿಜವಾದ ಅಂತರವು ಸ್ಪ್ರೆಡ್‌ನ ಸುತ್ತ ಸುಮಾರು 14 ಅಂಕಗಳ ವಿಚಲನೆಯಲ್ಲಿ ಹರಡಿಕೊಂಡಿರುತ್ತದೆ. ಆ ಲೆಕ್ಕದಲ್ಲಿ 7 ಅಂಕಗಳ ನೆಚ್ಚಿನ ತಂಡ ನೂರಕ್ಕೆ ಎಪ್ಪತ್ತರಷ್ಟು ಸಲ ಗೆಲ್ಲುತ್ತದೆ, ಮೂವತ್ತು ಸಲ ಸೋಲುತ್ತದೆ. ಅಂಥ ಹತ್ತು ಪಂದ್ಯಗಳಿರುವ ಶನಿವಾರ ಮೂರು ನೆಚ್ಚಿನ ತಂಡಗಳು ಸೋತರೆ ಲೆಕ್ಕ ಸರಿಯಾಗಿ ನಡೆದಿದೆ ಎಂದರ್ಥ. ಹತ್ತೂ ಗೆದ್ದಿದ್ದರೆ ಅಚ್ಚರಿಪಡಬೇಕಿತ್ತು. ಆದ್ದರಿಂದ ಪ್ರತಿ ವಾರ ಐದು ‘ಅಪ್‌ಸೆಟ್ ಪಿಕ್’ ಬರೆದು, ಒಂದು ಫಲಿಸಿದಾಗ ‘ನಾನು ಮೊದಲೇ ಹೇಳಿದ್ದೆ’ ಎನ್ನುವವರ ಮಾತಿಗೆ ತೂಕವಿಲ್ಲ. ಎಷ್ಟು ಖಚಿತವಾಗಿ ಹೇಳಿದಿರಿ, ಅಷ್ಟು ಖಚಿತವೆಂದ ಪಂದ್ಯಗಳಲ್ಲಿ ಎಷ್ಟು ನಿಮ್ಮಂತೆ ನಡೆದವು ಎಂಬುದನ್ನು ಋತುವಿನುದ್ದಕ್ಕೂ ಬರೆದಿಟ್ಟು ನೋಡಬೇಕು.

ನಮ್ಮ ಕಚೇರಿಯ ಊಟದ ಕೋಣೆಯ ಗೋಡೆಗೆ ಋತುವಿನ ಪ್ರತಿ ಗುರುವಾರ ಪಂದ್ಯಗಳ ಪಟ್ಟಿಯ ಒಂದು ಹಾಳೆ ಅಂಟಿಸುತ್ತಾರೆ. ಹಣದ ಮಾತಿಲ್ಲ, ಗೆಲ್ಲುವ ತಂಡದ ಮೇಲೆ ಪೆನ್ನಿನಿಂದ ಸುತ್ತು ಹಾಕಿದರಾಯಿತು. 2024ರ ನವೆಂಬರ್ 30ರ ಪಂದ್ಯಕ್ಕೆ ನಾವು ಹದಿನಾಲ್ಕು ಮಂದಿಯೂ ಒಹಾಯೊ ಸ್ಟೇಟ್ ಮೇಲೆ ಸುತ್ತು ಹಾಕಿದ್ದೆವು. ಸ್ಪ್ರೆಡ್ ಸುಮಾರು 20 ಅಂಕ, ಎದುರಿಗೆ ರ‍್ಯಾಂಕ್ ಇಲ್ಲದ ಮಿಷಿಗನ್, ಆಟ ಒಹಾಯೊ ಸ್ಟೇಟ್‌ನದೇ ಅಂಗಳದಲ್ಲಿ. ಮಿಷಿಗನ್ 13-10ರಿಂದ ಗೆದ್ದಿತು. ಮುಂದೆ ರೋಸ್ ಬೌಲ್ ಪಂದ್ಯದ ಹಾಳೆಯಲ್ಲಿ ಒಂಬತ್ತು ಸುತ್ತು ಒಹಾಯೊ ಸ್ಟೇಟ್ ಮೇಲಿದ್ದವು, ಐದು ಒರೆಗಾನ್ ಮೇಲಿದ್ದವು.