ಬೆರಳು ಓದುವ ಬೂಬಾ, ಕಿಕಿ

ಅರ್ಥವಿಲ್ಲದ ಎರಡು ಪದಗಳನ್ನು ಕೇಳಿಸಿ ಯಾವುದು ಯಾವ ಆಕಾರಕ್ಕೆ ಒಪ್ಪುತ್ತದೆಂದು ಕೇಳಿದರೆ, ‘ಬೂಬಾ’ ಎಂದರೆ ದುಂಡನೆಯದು, ‘ಕಿಕಿ’ ಎಂದರೆ ಮೊನೆಮೊನೆಯಾದದ್ದು ಎಂದು ಬಹುಪಾಲು ಜನ ಯೋಚಿಸದೆಯೇ ಹೇಳಿಬಿಡುತ್ತಾರೆ. ಮನೋವಿಜ್ಞಾನಿ ವುಲ್ಫ್‌ಗಾಂಗ್ ಕೋಲರ್ 1929ರಲ್ಲಿ ‘ತಕೇಟೆ’, ‘ಬಲುಬಾ’ ಎಂಬ ಅರ್ಥವಿಲ್ಲದ ಪದಗಳ ಮೂಲಕ ತೋರಿಸಿಕೊಟ್ಟ ಈ ಒಲವನ್ನು, 2001ರಲ್ಲಿ ನರವಿಜ್ಞಾನಿಗಳಾದ ವಿ.ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬ್ಬರ್ಡ್ ಈಗಿನ ಹೆಸರಿನಿಂದ ಪ್ರಸಿದ್ಧಗೊಳಿಸಿದರು. ರೋಮನ್ ಲಿಪಿಯ ಅಕ್ಷರಗಳ ರೂಪವೇ ಇದಕ್ಕೆಲ್ಲ ಕಾರಣವೆಂಬ ಮಾತು ಆಗಾಗ ಕೇಳಿಬರುತ್ತದೆ. ಆದರೆ ಓದುಬರಹ ತಿಳಿಯದ ಎರಡೂವರೆ ವರ್ಷದ ಮಕ್ಕಳಲ್ಲಿಯೂ ಈ ಒಲವು ಕಂಡುಬಂದಿದೆ.

ಹಾಗಾದರೆ ಇದು ಕಣ್ಣಿನ ಪಾಠವೇ? 2014ರ ಒಂದು ಅಧ್ಯಯನದಲ್ಲಿ ದೃಷ್ಟಿಯುಳ್ಳವರು ವಸ್ತುಗಳನ್ನು ನೋಡದೆ ಮುಟ್ಟಿಯೇ ಈ ಜೋಡಣೆ ಮಾಡಿದರು. ದೃಷ್ಟಿಹೀನರಲ್ಲಿ ಅದು ಗಮನಾರ್ಹವಾಗಿ ಕಡಿಮೆಯಿತ್ತು. ಇಂಥ ಫಲಿತಾಂಶವನ್ನು ನಂಬಬೇಕಾದರೆ ಮುಟ್ಟಲು ಕೊಟ್ಟ ವಸ್ತುಗಳು ಆಕಾರವೊಂದನ್ನು ಬಿಟ್ಟು ಉಳಿದೆಲ್ಲದರಲ್ಲಿ ಒಂದೇ ಆಗಿರಬೇಕು. ಒಂದು ಚೆಂಡು, ಒಂದು ನಕ್ಷತ್ರ ಇದ್ದರೆ ಸಾಕೆಂಬ ಭಾವನೆ ತಪ್ಪು.

ಬೆರಳ ತುದಿಯ ಚರ್ಮದಲ್ಲಿರುವ, ಸ್ಪರ್ಶವನ್ನು ಗ್ರಹಿಸುವ ಮರ್ಕೆಲ್ ಕೋಶಗಳಿಗೆ ಹೊಂದಿಕೊಂಡ ನರಗಳು ಅಂಚು ತಗುಲಿದಾಗ ವಿಶೇಷವಾಗಿ ಮಿಡಿಯುತ್ತವೆ. ಅಂಗೈಯಿಂದ ಒತ್ತಿದರೆ ನೋಯದ ಬಲವೇ ಸೂಜಿಯ ತುದಿಯಲ್ಲಿ ಚುಚ್ಚುವಂತೆ, ಮರಳಿನ ಮೇಲೆ ಹಾಯಾಗಿ ನಿಲ್ಲುವ ಕಾಲಿಗೆ ಜಲ್ಲಿಯ ಮೇಲೆ ನೋವಾಗುವಂತೆ, ಮೊನೆಯು ಒತ್ತಡವನ್ನೆಲ್ಲ ಅಂಗೈಯ ಒಂದು ಚುಕ್ಕೆಗೆ ತಂದಿಡುತ್ತದೆ. ಆಗ ‘ಕಿಕಿ’ ಎಂಬ ಉತ್ತರ ಬಂದರೆ ಅದು ಆಕಾರಕ್ಕೆ ಬಂದದ್ದೋ, ನೋವಿಗೆ ಬಂದದ್ದೋ ತಿಳಿಯುವುದಿಲ್ಲ. ಆದ್ದರಿಂದ ಮೊನೆಗಳನ್ನು ತುಸು ಉರುಟಾಗಿಸಲೇಬೇಕು.

ತೂಕದ ತೊಡಕು ಇನ್ನೂ ಸ್ವಾರಸ್ಯಕರವಾದುದು. ಒಂದೇ ಅಗಲದ ಚೆಂಡು ಮತ್ತು ನಕ್ಷತ್ರವನ್ನು ಒಂದೇ ಪ್ಲಾಸ್ಟಿಕ್‌ನಿಂದ ಗಟ್ಟಿಯಾಗಿ ಎರಕ ಹೊಯ್ದರೆ, ನಕ್ಷತ್ರದ ಸಂದುಗಳಲ್ಲಿ ಪ್ಲಾಸ್ಟಿಕ್ ಇಲ್ಲದ ಕಾರಣ ಅದು ಹಗುರವಾಗುತ್ತದೆ. ಎರಡರಲ್ಲೂ ಅಷ್ಟೇ ಪ್ಲಾಸ್ಟಿಕ್ ಹಾಕಿದರೆ ನಕ್ಷತ್ರದ ಅಗಲ ಹೆಚ್ಚಾಗುತ್ತದೆ. ಗಾತ್ರವೇ ತೂಕದ ಅನುಭವವನ್ನು ಬದಲಿಸುತ್ತದೆಂದು, ಅಂದರೆ ಸಮತೂಕದ ಎರಡು ವಸ್ತುಗಳಲ್ಲಿ ದೊಡ್ಡದು ಹಗುರವೆನಿಸುತ್ತದೆಂದು, ಫ್ರೆಂಚ್ ವೈದ್ಯ ಶಾರ್ಪಾಂಟಿಯೆ 1891ರಲ್ಲಿಯೇ ತೋರಿಸಿದ್ದರು. ತ್ರೀಡಿ ಪ್ರಿಂಟರ್ ಇಲ್ಲಿ ನಿಜವಾದ ವರದಾನ: ಚೆಂಡಿನ ಒಳಗನ್ನು ಹೆಚ್ಚು ಟೊಳ್ಳಾಗಿ, ನಕ್ಷತ್ರದ ಒಳಗನ್ನು ಹೆಚ್ಚು ತುಂಬಿ ಮುದ್ರಿಸಿದರೆ ಅಗಲವೂ ತೂಕವೂ ಒಟ್ಟಿಗೆ ಸರಿಹೊಂದುತ್ತವೆ.

ಆದರೆ ಈ ಯಂತ್ರ ಪದರದ ಮೇಲೆ ಪದರವಿಟ್ಟು ಕಟ್ಟುವುದರಿಂದ ಚೆಂಡಿನ ನೆತ್ತಿಯಲ್ಲಿ ಸಣ್ಣ ಮೆಟ್ಟಿಲುಗಳು ಮೂಡುತ್ತವೆ, ಕೆಲವೇ ಮೈಕ್ರೋಮೀಟರ್ ಎತ್ತರದ ಉಬ್ಬನ್ನೂ ಗುರುತಿಸಬಲ್ಲ ಬೆರಳಿಗೆ ಅದು ತರಿತರಿಯಾಗಿ ತಗಲುತ್ತದೆ. ಸ್ಯಾಂಡ್‌ಪೇಪರ್‌ನಿಂದ ಉಜ್ಜಿದರೆ ಚೆಂಡು ನುಣುಪಾಗುತ್ತದೆ, ನಕ್ಷತ್ರದ ಸಂದುಗಳು ಒರಟಾಗಿಯೇ ಉಳಿಯುತ್ತವೆ. ಹೀಗಾಗಿ ಎರಡಕ್ಕೂ ಸಮನಾದ ಲೇಪ ಕೊಡುವುದು ಮೇಲು.

ಕೊನೆಗೆ, ಟೊಳ್ಳು ಚೆಂಡನ್ನೂ ತುಂಬಿದ ನಕ್ಷತ್ರವನ್ನೂ ಮೇಜಿನ ಮೇಲಿಟ್ಟಾಗ ಬೇರೆ ಬೇರೆ ಸದ್ದು ಕೇಳಿಸುತ್ತದೆ. ಪರೀಕ್ಷಿಸುತ್ತಿರುವುದೇ ಧ್ವನಿಯ ನಂಟನ್ನಾದ್ದರಿಂದ, ಪದ ಕಿವಿಗೆ ಬೀಳುವ ಮೊದಲೇ ವಸ್ತು ತನ್ನ ಹೆಸರನ್ನು ಸೂಚಿಸಿಬಿಡದಂತೆ ಮೇಜಿಗೆ ದಪ್ಪ ಬಟ್ಟೆ ಹಾಸಿರಬೇಕು.